ಇನ್ನೊಂದು ಸಲ ಕಚ್ಚಿದರೆ

ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಪಕ್ಕದ ಬೆಂಚಿನಲ್ಲಿ, ಮುಖ ಬಾತುಕೊಂಡಿದ್ದ ಜೇನು ಸಾಕುವವಳೂ ಅವಳಲ್ಲೇ ಜೇನು ಕೊಳ್ಳುವ ಟೀಚರೂ ಮಾತಾಡಿಕೊಳ್ಳುತ್ತಿದ್ದರು.

“ಇನ್ನೊಂದು ಸಲ ನೊಣ ಕಚ್ಚಿದ್ರೆ ಜೀವಕ್ಕೇ ಅಪಾಯವಂತೆ ಟೀಚರ್. ಗೂಡಿನ ಹತ್ರ ಸುಳೀಲೇಬೇಡ ಅಂದ್ರು ಡಾಕ್ಟ್ರು.”

“ಹಾಗಾದ್ರೆ ಬಿಟ್ಬಿಡಮ್ಮ.”

“ಬಿಟ್ಟು? ನಮ್ಮನೆ ಒಲೆ ಉರಿಯೋದೇ ಆ ಜೇನುಪೆಟ್ಟಿಗೆಗಳಿಂದ.”

“ಯಜಮಾನ್ರು ನೋಡ್ಕೊಳ್ಳಲ್ವಾ?”

“ಅವರಿಗೆ ಕಣ್ಣು ಕಾಣಲ್ವಲ್ಲ.”

“ಯಾರಿಗಾದ್ರೂ ಕೊಟ್ಬಿಡು.”

“ಎಲ್ಲರನ್ನೂ ಕೇಳ್ದೆ. ಜೇನು ಬೇಕಂತೆ, ಪೆಟ್ಟಿಗೆ ಬೇಡ್ವಂತೆ.”

ಟೀಚರ್ ಜೇನಿಗೆಂದು ತಂದು ಮಡಿಲಲ್ಲಿಟ್ಟುಕೊಂಡಿದ್ದ ಖಾಲಿ ಬಾಟಲಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿದರು.

“ನನಗೆ ಈ ಸಲ ಬೇಡ ಬಿಡು.”

“ನೀವೂ ಹಾಗಂದ್ರೆ ನಾನು ಯಾರಿಗೆ ಮಾರ್ಲಿ? ಕೊಡಿ ಇಲ್ಲಿ.”

ಟೀಚರ್ ಕೊಡಲಿಲ್ಲ, ಅವಳೇ ಚೀಲಕ್ಕೆ ಕೈಹಾಕಿ ತೆಗೆದುಕೊಂಡಳು. ಅಷ್ಟರಲ್ಲಿ ನರ್ಸ್ ಅವಳನ್ನು ಇಂಜೆಕ್ಷನ್ನಿಗೆ ಕರೆದಳು. ದರ್ಜಿ ಕಾಲು ಮಡಚಿ ದಾರಿಬಿಟ್ಟ. ಬಾಟಲಿ ಹಿಡಿದುಕೊಂಡೇ ಅವಳು ಒಳಗೆ ಹೋದಳು.