ಗಡ್ಡಿಯಲ್ಲಿ ಇಲ್ಲದ ಗಿಡ

...ಅಲ್ಲಲೇ ಪಕ್ಕೀರಪ್ಪ, ನಾನೇನು ಚೀಲದಾಗ ಕಳ್ಳಮಾಲು ತಂದೀನೇನು? ಹಂಗ್ಯಾಕ ನೋಡ್ತಿ? ಗಿಡ ಅದಾವು, ಗಿಡ! ಬೇಕಂದ್ರ ಬಿಚ್ಚಿ ನೋಡು. ಬರೇ ಎಂಟು ಗಿಡ, ಬೇರಿಗೆ ಮಣ್ಣು ಸೈತ ಕಟ್ಟಿಕೊಂಡು ತಂದೀನಿ. ಹರಗೋಲು ನೀರಿಗೆ ಬಿಡು. ಹೊಳಿ ನಡುವಿನ ಗಡ್ಡಿಗೆ ಹೋಗೋದು, ಹಚ್ಚೋದು, ಬರೋದು. ಊಟದ ಹೊತ್ತಿಗೆ ಹಂಪಸಾಗರದ ದಂಡಿಗೆ ನಿನ್ನ ತಂದು ಬಿಡ್ತೀನಿ... ಥೂ, ನೀನೇ ಅಲ್ಲೇನು ನನ್ನ ತಂದು ಬಿಡೋನು! ನಗು ಮತ್ತ. ನಗವಲ್ಲಿ?

ಆ ಮೀನಿನ ಬಲಿ ಹೊಲಿಯೋದು ಆಮ್ಯಾಲೆ ಹೊಲದ್ರಾತು. ಬಿಡು ಅದನ್ನ. ಎಷ್ಟು ವರ್ಷದ ಗೆಣೆತನ ನಮ್ದು? ನಾನು ಕಾಲೇಜಿನಾಗ ಅಟೆಂಡರ್ ಆದೆ, ನೀನು ಹೊಳ್ಯಾಗ ಉಳದಿ, ಅಷ್ಟ. ಒಂದು ಕೆಲಸ ಕೇಳಾಕ ಬಂದ್ರ ಮುಖಾನೂ ಎತ್ತವಲ್ಲಿ.

ಆತು, ಮೊದಲಿಂದ ಹೇಳ್ತೀನಿ. ಎಪ್ಪತ್ತೊಂಬತ್ತರಾಗ ನಮ್ಮ ಕಾಲೇಜಿನ ಹಾಲೇಶಪ್ಪ ಸರ್ ಈ ಗಡ್ಡಿ ಹಿಂದ ಬಿದ್ದಿದ್ರಲ್ಲ, ನೆನಪೈತೇನು? ಹೊಳಿ ಮಣ್ಣು ತಂದು ಗುಡ್ಡಿ ಹಾಕಿದ್ದಕ್ಕ ಆದ ಗಡ್ಡಿಯೋ, ಇಲ್ಲಾ ನಮ್ಮ ಈ ಗುಡ್ಡದ್ದ ತುಂಡೋ ಅಂತ ಅವರ ಚಿಂತಿ. ಅಗದು ನೋಡಿದ್ರ ಎರಡಾಳು ಆಳದ ಮಟ ಬರೇ ಮಣ್ಣು, ಬಂಡಿಗಲ್ಲು ಸಿಗವಲ್ದು. ಅದಕ್ಕ ಏನಂದ್ರು ಗೊತ್ತೇನು? "ಗಾಳೆಪ್ಪ, ಗಿಡಗಳ್ನ ಕೇಳೋಣು" ಅಂದ್ರು. ನಾನೂ ನಿನ್ನಂಗ ಬಾಯಿ ತಕ್ಕೊಂಡು ನೋಡಿದೆ. ಆಮ್ಯಾಲೆ ತಿಳಿಸಿ ಹೇಳಿದ್ರು. ಎಕ್ಕಿ ಬೀಜ ಗಾಳ್ಯಾಗ ಹಾರಿ ಬರ್ತೈತಿ. ಅತ್ತಿ ಬೀಜ ಹಕ್ಕಿ ಹೊಟ್ಟ್ಯಾಗ ಬರ್ತೈತಿ. ಜೊಂಡು ನೀರಾಗ ತೇಲಿ ಬರ್ತೈತಿ. ಅವು ಗಡ್ಡಿ ಮ್ಯಾಲೆ ಇದ್ರೂ ಏನೂ ಹೇಳಾಕ ಬರಂಗಿಲ್ಲ. ಆದ್ರ ಬೀಜ ಭಾರ ಇದ್ದು, ನೀರಾಗ ಮುಳುಗೋವು, ಹಕ್ಕಿ ಮುಟ್ಟದಂಥವು ಇರ್ತಾವಲ್ಲ? ಅವು ಗಡ್ಡಿ ಮ್ಯಾಲೆ ಸಿಕ್ರ, ಒಂದು ಕಾಲಕ್ಕ ಗುಡ್ಡ, ಗಡ್ಡಿ ಎರಡೂ ಕೂಡೇ ಇದ್ವು, ನಡುವ ಹೊಳಿ ಕೊರದು ಬ್ಯಾರೆ ಮಾಡ್ತು ಅಂತ ಅರ್ಥ. ಎಷ್ಟು ಚಂದ ಐತಿ ನೋಡಲೇ! ನನಗ ಅವತ್ತು ನಿದ್ದಿ ಹತ್ತಿದ್ದಿಲ್ಲ.

ಸರ್ ಉಚ್ಚಂಗಿದುರ್ಗದ ಮೆಟ್ಟಲ ಮ್ಯಾಲೆ ಜಾರಿ ಕಾಲು ಮುರಕೊಂಡಿದ್ರು. ಗಡ್ಡಿ ಮ್ಯಾಲಿನ ಗಿಡ ಕಿತ್ತು ತರಾಕ ನನ್ನ ಕಳಿಸಿದ್ರು. ಎಲ್ಲಾರ ಮುಂದ ಹೆಗಲ ಮ್ಯಾಲೆ ಕೈ ಇಟ್ಟು, "ಗಾಳೆಪ್ಪ ಅಟೆಂಡರ್ ಅಲ್ಲ, ನನ್ನ ಕಣ್ಣು" ಅಂದ್ರು. ಹಂಗಂದವರ ಮುಂದ, ನನ್ನ ಹೇಣ್ತಿಗೆ ಏಳು ತಿಂಗಳು ಐತ್ರಿ, ಬಸುರಿ ಗಂಡ ಹೊಳಿ ದಾಟಬಾರದು ಅಂತ ನಮ್ಮವ್ವ ಆಣಿ ಹಾಕ್ಯಾಳ್ರಿ ಅಂತ ಹೆಂಗ ಹೇಳ್ಲೀ? ನಗ್ತಿದ್ರಲೇ. ಕೆಟ್ಟ ನಗು ಅಲ್ಲ, ಮಾಸ್ತರ ನಗು. ಅದನ್ನ ತಡಕೊಳ್ಳಾಕ ಆಗ್ತಿದ್ದಿಲ್ಲ ನನಗ.

ನಿನಗ ಗೊತ್ತೈತಿ, ನೀನೇ ಇದ್ದ್ಯಲ್ಲ. ಒಂದು ಕಾಲು ಹರಗೋಲಿನಾಗ ಇಟ್ಟೆ. ತಗದೆ. ಮತ್ತ ಇಟ್ಟೆ. ಮೊದಲನೇ ಕೂಸು ಹುಟ್ಟೂಕಿಂತ ಮೊದ್ಲ ಹೋಗಿತ್ತು, ಹೇಣ್ತಿ ಕನಕಮ್ಮ ಆರು ತಿಂಗಳು ಯಾರ ಕೂಡನೂ ಮಾತಾಡಿದ್ದಿಲ್ಲ. ನೀನೇ ಅಂದಿ, "ಬ್ಯಾಡ ಬಿಡು, ಮನಿಗೆ ಹೋಗು" ಅಂತ. ನಾನು ಮನಿಗೆ ಹೋಗ್ಲಿಲ್ಲ. ಈ ಕಡೀ ಗುಡ್ಡದ ಬುಡದಾಗ ನಲವತ್ತು ಗಿಡ ಕಿತ್ತೆ. ಪೇಪರ್‌ನಾಗ ಇಟ್ಟು, ಹಲಿಗಿ ನಡುವ ಒತ್ತಿ, ಒಂದೊಂದಕ್ಕೂ ಚೀಟಿ ಬರದೆ. ನಂಬರು, ತಾರೀಕು, ಜಾಗ. ಜಾಗ ಅಂದಲ್ಲಿ "ಗಡ್ಡಿ" ಅಂತ ಬರದೆ.

ಮೂವತ್ತೊಂಬತ್ತು ಎರಡೂ ಕಡೀ ಬೆಳಿಯಾವು, ಅದೃಷ್ಟ. ಉಳಿದದ್ದು ಒಂದು, ಗುಡ್ಡದಾಗ ಅಷ್ಟ ಬೆಳಿಯೋ ಕುರಿಕಿವಿ. ನಮ್ಮವ್ವ ಅದಕ್ಕ ಹಂಗಂತಾಳ, ಎಲಿ ಕುರಿ ಕಿವಿಯಂಗ ಅದಾವಂತ. ಸರ್ ಬ್ಯಾರೆ ಹೆಸರು ಹೇಳ್ತಾರ, ನನ್ನ ನಾಲಿಗಿ ತಿರುಗಂಗಿಲ್ಲ. ಚಂದ ಕಂಡ್ತು, ಕಿತ್ತೆ. ಅದರ ಬೀಜ ನೀರಿಗೆ ಹಾಕಿದ್ರ ಗುಂಡಿನಂಗ ಮುಳುಗ್ತೈತಿ ಅಂತ ನನಗ ಎಲ್ಲಿ ಗೊತ್ತಿತ್ತು! ಸರ್ ಅದನ್ನ ನೋಡಿ, ಪಟ್ಟಿ ಕಟ್ಟಿದ ಕಾಲಾಗ ಎದ್ದು ನಿಂತು ಬಿಟ್ರು. "ಗಡ್ಡಿ ಗುಡ್ಡದ ಕೂಸಲೇ ಗಾಳೆಪ್ಪ!" ಅಂದ್ರು. ಕಣ್ಣಾಗ ನೀರಿತ್ತು. ಆವಾಗ ಹೇಳಬೇಕಿತ್ತು. ಹೇಳ್ಲಿಲ್ಲ. ಅವರು ಅದನ್ನ ಬರದ್ರು, ಅಚ್ಚು ಹಾಕಿಸಿದ್ರು, ಧಾರವಾಡದಾಗ ಭಾಷಣ ಮಾಡಿ ಬಂದ್ರು. ಚೀಟಿ ಮ್ಯಾಲಿನ ನನ್ನ ಅಕ್ಷರ ಕಂಡ್ರ ಈಗೂ ಆ ಹಾಳಿ ಬೋರಲು ಹಾಕ್ತೀನಿ.

ಈಗ ಸರ್ ಬರದದ್ದು ಓದಿದ ಹೊರಗಿನವರು ಒಬ್ಬರು ಬರಾಕತ್ಯಾರ, ಗಡ್ಡಿ ಮ್ಯಾಲೆ ಕುರಿಕಿವಿ ಕಣ್ಣಾರೆ ನೋಡ್ಬೇಕಂತ. ಸೋಮವಾರ. ಅದಕ್ಕ ಈ ಎಂಟು ಗಿಡ. ಹಚ್ಚಿ ಬಂದ್ರ ಎಲ್ಲಾ ನೆಟ್ಟಗಾಗ್ತೈತಿ. ಸರ್ ಮಾತು ಉಳಿತೈತಿ, ನಿನ್ನ ಹೆಸರೂ...

ಏನು? ಏನಿಲ್ಲ. ನನ್ನ ಹೆಸರು ಅಂದೆ.

ಯಾಕ ಆ ಕಡೀ ನೋಡ್ತಿ? ಗಡ್ಡಿ ಮ್ಯಾಲೆ... ಯಾರಲೇ ಅವರು? ಮೂರು ಮಂದಿ. ಬಿಸಿಲಿಗೆ ಕೊಡಿ ಹಿಡದವರು... ಕೋಲು ಊರಿ ನಡ್ಯಾಕತ್ತವರು... ಸರ್! ಸರ್ ಅಲ್ಲೇನು? ಸೋಮವಾರ ಅಂದಿದ್ರಲ್ಲ! ನಾನು ಕೂಸಿಗೆ ಜ್ವರ ಅಂತ ಸುಳ್ಳು ಹೇಳಿ ರಜಾ ಹಾಕಿ ಬಂದೀನಿ. ಯಾರು ದಾಟಿಸಿದ್ರು ಅವರನ್ನ? ಪಕ್ಕೀರ, ಯಾರು ದಾಟಿಸಿದ್ರು?

ನೀನಾ?

ಸರ್ ಏನಾರ ಕೇಳಿದ್ರಾ? ಅವತ್ತಿಂದು... ನೀ ಕುಡಿದಿದ್ದಿಯೇನು ಅಂತ ಕೇಳಿದ್ರಾ?

ಮಾತಾಡು. ಬೈಯಿ. ಹೊಡಿ ಬೇಕಂದ್ರ. ಹೌದು, ನಾನೇ ಹೇಳಿದ್ದು. ಹೋದ ವಾರ ಸರ್ ಮೆಲ್ಲಕ ಕೇಳಿದ್ರು, "ಗಾಳೆಪ್ಪ, ನೀನೇ ಕೈಯಾರೆ ಅಲ್ಲಿ ಕಿತ್ತಿದ್ದು ಹೌದಲ್ಲ?" ಅಂತ. "ಅವತ್ತು ಹರಗೋಲಿನವ ಕುಡಿದಿದ್ದ್ರಿ, ದಿಕ್ಕು ತಪ್ಪಿ ಬ್ಯಾರೆ ದಂಡಿಗೆ ಇಳಿಸಿದ್ನೋ ಏನೋ" ಅಂದುಬಿಟ್ಟೆ. ಬಾಯಿಗೆ ಬಂದದ್ದು ಅದು. ನಿಮ್ಮ ತಮ್ಮ ಮುಳುಗಿದ ದಿನದಿಂದ ನೀನು ಹನಿ ಮುಟ್ಟಿಲ್ಲ, ಅದು ನನಗಿಂತ ಯಾರಿಗೆ ಗೊತ್ತೈತಿ? ಸರ್ ನನ್ನ ಬೆನ್ನು ಸವರಿದ್ರು. "ಪಾಪ, ನಿಂದೇನು ತಪ್ಪೈತಿ" ಅಂದ್ರು. ಅವತ್ತಿಂದ ಅನ್ನ ಇಳಿವಲ್ದು. ಈ ಗಿಡ ಹಚ್ಚಿಬಿಟ್ರ ಆ ಮಾತೂ ಬಿದ್ದು ಹೋಗ್ತೈತಿ ಅಂತ ಬಂದೆ. ಅಷ್ಟ ನನ್ನ ಬುದ್ಧಿ.

ನೀ ಏನಂದಿ ಸರ್‌ಗೆ? ಇಲ್ಲ ಅಂದ್ಯಲ್ಲ?

...ಇಲ್ಲ ಅಂದ್ಯೋ ಇಲ್ಲೋ?

ಅಯ್ಯೋ. ಹೂಂ ಅಂದ್ಯಾ? ತಲಿ ತಗ್ಗಿಸಿ ನಿಂತ್ಯಾ? ನನ್ನ ನೌಕರಿ ಹೋದೀತಂತಾ? ಕುಡುಕನ ಹರಗೋಲಿನಾಗ ನಾಳಿಂದ ಯಾರು ಹತ್ತತಾರಲೇ? ಯಾವ ತಾಯಿ ಕೂಸು ಎತ್ತಿಕೊಂಡು ಹತ್ತತಾಳ?

ಹೋಗು. ಅವರನ್ನ ಕರಕೊಂಡು ಬಾ, ಬಿಸಿಲಾತು. ನಾನು ಬರಂಗಿಲ್ಲ, ನಿನ್ನ ಹರಗೋಲಿನಾಗ ಕಾಲಿಡಾಕ ನನಗ ಮುಖ ಇಲ್ಲ. ಇಲ್ಲೇ ದಂಡಿ ಮ್ಯಾಲೆ ನಿಂತಿರ್ತೀನಿ. ಸರ್ ಇಳಿಯೋದ್ರಾಗ, ಆ ಹೊರಗಿನವರ ಮುಂದನ, ನಿನ್ನ ಮುಂದನ ಹೇಳ್ತೀನಿ.

ಹೇಳ್ತಾನೋ ಇಲ್ಲೋ ಅಂತ ನೋಡ್ತಿಯಾ? ನೋಡು... ಇಷ್ಟೊತ್ತು ಮುಖ ಎತ್ತಿದ್ದಿಲ್ಲ, ಈಗ ತಿರುಗಿಸಬ್ಯಾಡ. ನೀ ಹಿಂಗ ನೋಡ್ತಿದ್ರ ಹೇಳ್ತೀನಿ.