ಸಾಹುಕಾರನ ಹಳದಿ ಹೆಬ್ಬಾವು

ಮೊದಲು ಖರ್ಚು ಹೇಳಿಬಿಡುತ್ತೇನೆ, ಕಥೆ ಆಮೇಲೆ. ಹಾಲು ಕರೆಯುವ ಎರಡು ಒಳ್ಳೆಯ ಎಮ್ಮೆಗೆ ಎಷ್ಟು ದುಡ್ಡು ಬೇಕು? ದನದ ಸಂತೆಗೆ ಹೋಗುವವರು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳಿ. ಅಷ್ಟು ದುಡ್ಡು ಒಂದು ಹಾವಿಗೆ. ಹಾವಿಗೊಂದು ಗಾಜಿನ ಪೆಟ್ಟಿಗೆ, ಅದಕ್ಕೆ ಇನ್ನೊಂದು ಎಮ್ಮೆಯ ದುಡ್ಡು. ಹಾವು ಬೆಚ್ಚಗಿರಲಿ ಎಂದು ಹಗಲೂ ರಾತ್ರಿ ಉರಿಯುವ ಬಲ್ಬು, ಅದರ ಕರೆಂಟಿಗೆ ತಿಂಗಳಿಗೊಂದು ಚೀಲ ಜೋಳ ಹೋಯಿತು ಅನ್ನಿ. ಎಮ್ಮೆ ಹಾಲು ಕೊಡುತ್ತದೆ, ಕರು ಕೊಡುತ್ತದೆ. ಏನೂ ಇಲ್ಲದಿದ್ದರೆ ಸಗಣಿಯನ್ನಾದರೂ ಕೊಡುತ್ತದೆ. ಹಾವು? ನಗಬೇಡಿ. ಇಷ್ಟು ಖರ್ಚು ಮಾಡಿದ ಮನುಷ್ಯನ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ನಮ್ಮ ಕಡೆಯ ಒಂದು ಪೇಟೆ ಊರು. ಅಲ್ಲಿ ಶೇಂಗಾ ಎಣ್ಣೆಯ ಗಿರಣಿ ನಡೆಸುವ ಒಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು, ಓ ಅವನಾ ಎಂದು ಇಡೀ ಕಥೆಯನ್ನು ಅವನ ತಲೆಗೆ ಕಟ್ಟಿ, ಆರಾಮಾಗಿ ಮನೆಗೆ ಹೋಗಿ ಊಟ ಮಾಡುತ್ತೀರಿ.

ಸಾಹುಕಾರ ಕೆಟ್ಟವನಲ್ಲ. ಮನೆಯಲ್ಲಿ ತಾಯಿ ಇದ್ದಳು, ಹೆಂಡತಿ ಇದ್ದಳು. ಒಬ್ಬಳೇ ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಿದ್ದ. ಅವಳ ಬಾಣಂತನ ಮಾಡಿ, ಮೊಮ್ಮಗಳನ್ನು ಎತ್ತಿ ಆಡಿಸಿ, ತಾಯಿ ಮಗು ಇಬ್ಬರನ್ನೂ ಆಗಷ್ಟೇ ಬೀಗರ ಮನೆಗೆ ಕಳಿಸಿದ್ದ. ಇಷ್ಟಿದ್ದರೆ ಸಾಲದೇ? ಸಾಲದು! ಯಾಕೆ? ಎದುರು ಮನೆಯ ಹತ್ತಿ ವ್ಯಾಪಾರಿ ದೂರದ ದೇಶದ ಬಿಳಿ ಹಕ್ಕಿಯೊಂದನ್ನು ತಂದು ಜಗಲಿಗೆ ತೂಗುಹಾಕಿದ್ದ. ಅದು ಬಂದವರಿಗೆಲ್ಲ “ಶರಣ್ರಿ, ಶರಣ್ರಿ” ಅನ್ನುತ್ತಿತ್ತು. ಗಿರಣಿಯ ಕೆಲಸಕ್ಕೆ ಮನೆಗೆ ಬರುವ ಜನ ಮೊದಲು ಆ ಹಕ್ಕಿಗೆ ಶರಣು ಮಾಡಿ ಆಮೇಲೆ ಸಾಹುಕಾರನ ಹತ್ತಿರ ಬರುತ್ತಿದ್ದರು. ನೋಡಿ, ಹೊಟ್ಟೆಯ ಉರಿ ಎಲ್ಲಿ ಹತ್ತುತ್ತದೆ!

ದೊಡ್ಡ ಪಟ್ಟಣಕ್ಕೆ ಹೋದ. ಇಂಥದ್ದನ್ನೆಲ್ಲ ಕದ್ದುಮುಚ್ಚಿ ಮಾರುವವನ ಹತ್ತಿರ ಹಳದಿ ಹೆಬ್ಬಾವು ಕೊಂಡ. ಕೊರಳಿಗೆ ಹಾಕಿಕೊಂಡು ಒಂದು ಫೋಟೊ ತೆಗೆಸಿದ. ಹಾವು ಆರಾಮಾಗಿತ್ತು, ಸಾಹುಕಾರ ಕಣ್ಣು ಮುಚ್ಚಿದ್ದ. ಆ ಫೋಟೊ ಬಂಧು ಬಳಗಕ್ಕೆಲ್ಲ ಹೋಯಿತು.

ಪೆಟ್ಟಿಗೆ ಮನೆಗೆ ಬಂತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ದೂರ ನಿಂತಳು.

“ಏನ್ರಿ ಇದು?”

“ಹೆಬ್ಬಾವು. ಫಾರಿನ್ನದು.”

“ಯಾಕ, ನಮ್ಮ ದೇಶದ ಹಾವ ಸಾಲಲಿಲ್ಲೇನು ನಿಮಗ?”

“ನಿನಗೇನ ತಿಳಿತೈತಿ? ಹುಲಿಗತೆ ಇದ್ದವ್ರು ಮಾತ್ರ ಇಂಥಾದ್ದು ಸಾಕ್ತಾರ.”

“ಏನ ತಿಂತೈತಿ ಇದು?”

ಮಾರಿದವನು ಹೇಳಿಯೇ ಕಳಿಸಿದ್ದ, ಇದಕ್ಕೆ ಇಲಿ ಬೇಕು ಎಂದು. ಆದರೆ ಸಾಹುಕಾರನ ಮನೆಯಲ್ಲಿ ಮೂರು ತಲೆಮಾರಿನಿಂದ ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟಿಲ್ಲ. ಅವನು ಎದೆಯುಬ್ಬಿಸಿ ಹೇಳಿದ, “ನಮ್ಮ ಮನ್ಯಾಗ ಇದ್ದ ಮ್ಯಾಲ ನಮ್ಮ ಊಟನ ಉಣಬೇಕು. ಹಾಲ ಇಡು. ಪಂಚಮಿಗೆ ಹಾಲ ಯಾರಿಗೆ ಎರಿತೀರಿ ಮತ್ತ?”

ತಪ್ಪು ಆಯಿತಲ್ಲ ಇಲ್ಲಿ? ಗಮನಿಸಿ. ಮನೆಗೆ ತಂದ ಸೊಸೆ ನಮ್ಮ ಮನೆಯ ಸಾರು ಕಲಿಯಲಿ ಅನ್ನುತ್ತೇವೆ, ಕಲಿಯುತ್ತಾಳೆ. ಹಾವು ಕಲಿಯುತ್ತದೆಯೇ? ಬೆಳ್ಳಿ ಬಟ್ಟಲಲ್ಲಿ ಹಾಲಿಟ್ಟರು, ಮುಟ್ಟಲಿಲ್ಲ. ಸಕ್ಕರೆ ಹಾಕಿದರು, ಮುಟ್ಟಲಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋದಾಗ ಇನ್ವರ್ಟರಿನ ತಂತಿಯನ್ನು ಹಾವಿನ ಬಲ್ಬಿಗೆ ಕೊಟ್ಟು, ಮನೆಯವರು ರಟ್ಟಿನಿಂದ ಗಾಳಿ ಬೀಸಿಕೊಂಡರು. ಊರೆಲ್ಲ ಕೂಲರ್ ಕೊಳ್ಳುವ ಕಾಲದಲ್ಲಿ ಒಂದು ಮನೆ ದುಡ್ಡು ಕೊಟ್ಟು ಸೆಕೆ ಕೊಂಡಿತು! ಹಾವು ಮಾತ್ರ ದಿನದಿನಕ್ಕೆ ಬಡವಾಯಿತು.

ಸಾಹುಕಾರನ ತಾಯಿ ಮುಗ್ಧೆ, ದೈವಭಕ್ತೆ. ಹಾವು ಏನೂ ತಿನ್ನುವುದಿಲ್ಲ ಎಂದು ನೋಡಿ ನೋಡಿ, ಒಂದು ಸೋಮವಾರ ಕೈಮುಗಿದುಬಿಟ್ಟಳು. “ಉಪವಾಸ ಮಾಡ್ತೈತಿ ನೋಡವಾ. ಯಾವ ಜನ್ಮದ ಶರಣನೋ ಏನೋ!” ಓಣಿಯ ಹೆಣ್ಣುಮಕ್ಕಳೆಲ್ಲ ಆರತಿ ತಟ್ಟೆ ಹಿಡಿದು ಬರತೊಡಗಿದರು. ಎದುರು ಮನೆಯ ಬಿಳಿ ಹಕ್ಕಿಯನ್ನು ಕೇಳುವವರಿಲ್ಲದಾಯಿತು. ಸಾಹುಕಾರನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಹಾವು ಸತ್ತರೆ ಹೆಸರೂ ಸಾಯುತ್ತದಲ್ಲ! ಹೆದರಿ, ಗಿರಣಿಯ ಹಮಾಲನನ್ನು ಮೂಲೆಗೆ ಕರೆದ. “ಗೋದಾಮಿನ ಇಲಿ ಹಿಡಿದು, ಬುತ್ತಿ ಡಬ್ಬ್ಯಾಗ ಹಾಕ್ಕೊಂಡ ಬಾ. ಯಾರಿಗೂ ಗೊತ್ತಾಗಬಾರದು.” ಅಂದಿನಿಂದ ಹಾವು ಮೈತುಂಬಿಕೊಂಡಿತು. ತಾಯಿ ಓಣಿಗೆಲ್ಲ ತೋರಿಸಿದಳು, “ಉಪವಾಸದಿಂದ ಮೈಗೆ ಹೆಂಗ ಹೊಳಪ ಬಂದೈತಿ ನೋಡ್ರೆವಾ!” ಅವಳನ್ನು ನೋಡಿ ನಗಬೇಡಿ. ಉಪವಾಸದ ದಿನ ನಾವು ತಿನ್ನುವ ಸಾಬುದಾಣಿ, ಶೇಂಗಾ, ಬಾಳೆಹಣ್ಣು ಲೆಕ್ಕ ಹಾಕಿದರೆ ನಮಗೂ ಹೊಳಪು ಬಂದೇ ಬರುತ್ತದೆ.

ಹೀಗಿರುವಾಗ ಪಂಚಮಿ ಹತ್ತಿರ ಬಂತು. ತಾಯಂದಿರೇ, ಪಂಚಮಿ ಅಂದರೆ ನಮ್ಮ ಕಡೆ ಏನೆಂದು ನಿಮಗೆ ಹೇಳಬೇಕೇ? ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿಯ ಹಬ್ಬ, ಉಂಡಿಯ ಹಬ್ಬ. ಅದರಲ್ಲೂ ಈ ಮನೆಯಲ್ಲಿ ಮೊಮ್ಮಗಳ ಮೊದಲ ಪಂಚಮಿ. ಸಾಹುಕಾರ ಖುದ್ದು ಬೇವಿನ ಮರಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟಿಸಿದ. “ಮೊದಲನೇ ಜೀಕು ನಾನ ಜೀಕಸ್ತೇನಿ. ಯಾರೂ ಕೈ ಹಚ್ಚಬ್ಯಾಡ್ರಿ,” ಎಂದು ಎಲ್ಲರಿಗೂ ಹೇಳಿಟ್ಟ. ಹಾವು ತಂದದ್ದು ಜನರಿಗಾಗಿ. ಈ ಜೋಕಾಲಿ ಮಾತ್ರ ಅವನ ಸ್ವಂತ ಆಸೆ.

ಫೋಟೊ ನೋಡಿದ್ದ ಬೀಗರು ಫೋನು ಮಾಡಿದರು. “ಬೀಗರ, ನಿಮ್ಮ ಹಾವು ಪೆಟಗ್ಯಾಗ ಐತಿ ಹೌದಲ್ಲರಿ?”

“ಐತ್ರಿ. ಗಾಜಿನ ಪೆಟಗಿ, ಮ್ಯಾಲ ಮುಚ್ಚಳ.”

“ಹಂಗಾರ ಸೊಸಿನ್ನ ಕೂಸಿನ್ನ ಕಳಸ್ತೇವಿ.”

ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಓಣಿಯ ಹೆಣ್ಣುಮಕ್ಕಳು ಉಂಡಿ ಕಟ್ಟಲು ಸಾಹುಕಾರನ ಮನೆಯಲ್ಲಿ ಸೇರಿದರು. ಪರಾತದ ತುಂಬ ಹಿಟ್ಟು, ಬೆಲ್ಲದ ಪಾಕ, ಬಾಯಿ ತುಂಬ ಮಾತು. ಅದೇ ಹೊತ್ತಿಗೆ ಹಮಾಲ ಡಬ್ಬಿ ತಂದ. ಹಾವಿನ ಕೋಣೆಯಲ್ಲಿ ಸಾಹುಕಾರ ಮುಚ್ಚಳ ತೆಗೆದು ಸಿದ್ಧನಾಗಿದ್ದ. ಇಷ್ಟೊಂದು ಜನರನ್ನು ನೋಡಿ ಹಮಾಲನಿಗೆ ದಿಕ್ಕು ತೋಚದೆ, ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸದ್ದಿಲ್ಲದೆ ಜಾರಿಕೊಂಡ.

ತಾಯಿಗೆ ಡಬ್ಬಿ ಕಂಡಿತು. “ಯಾರ ಬುತ್ತಿನವಾ ಇದು? ಉಳದ ರೊಟ್ಟಿ ಇದ್ದೀತು,” ಎಂದು ತೆರೆದಳು.

ಇಲಿ ನೆಗೆಯಿತು. ನೇರ ಪರಾತಕ್ಕೆ ನೆಗೆಯಿತು. ಹಿಟ್ಟಿನಲ್ಲಿ ಉರುಳಿ ಬಿಳಿಯಾಗಿ ಎದ್ದು, ಒಬ್ಬಳ ಮಡಿಲಿನಿಂದ ಇನ್ನೊಬ್ಬಳ ಮಡಿಲಿಗೆ ಹಾರಿ, ಬಾಗಿಲು ದಾಟಿ ಓಡಿತು. ಯಾರ ಕಾಲು ಯಾರ ಮೇಲೋ! ಕೂಗು ಕೇಳಿ ಸಾಹುಕಾರ ಓಡಿ ಬಂದ. ಮಗನ ಮುಖ ನೋಡುತ್ತಲೇ ತಾಯಿಗೆ ಎಲ್ಲ ತಿಳಿಯಿತು.

“ಉಪವಾಸ ಅಂತ ನಾನು ಓಣಿಗೆಲ್ಲಾ ಹೇಳಿದ್ನೆಲ್ಲೋ! ಇಲಿ ತಿನ್ನಿಸ್ತಿದ್ದೇನಪಾ ನೀನು? ಬರೂ ತಿಂಗಳ ಗಣಪ್ಪ ಬರ್ತಾನ. ಅವನ ಗಾಡಿ ಹಾವಿನ ಹೊಟ್ಟ್ಯಾಗ! ಅವಗೇನ ಉತ್ತರಾ ಕೊಡ್ಲಿ?”

“ಯವ್ವಾ, ಅದು ಗೋದಾಮಿನ ಇಲಿ…”

“ಗೋದಾಮಿನ ಇಲಿ ಮ್ಯಾಲ ಗಣಪ್ಪ ಕೂಡಂಗಿಲ್ಲೇನು?”

ತಾಯಿಯನ್ನು ಸಮಾಧಾನ ಮಾಡಿ ಸಾಹುಕಾರ ಕೋಣೆಗೆ ಹಿಂದಿರುಗಿದ. ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಒಳಗೆ ಬಲ್ಬು ಉರಿಯುತ್ತಿತ್ತು, ಹಾವಿರಲಿಲ್ಲ.

ಉಂಡಿ ಕಟ್ಟುವವರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಮನೆ ಸೇರಿದರು. ಮಂಚದ ಕೆಳಗೆ ಹುಡುಕಿದರು, ಮಾಳಿಗೆ ಹುಡುಕಿದರು, ಬಚ್ಚಲು ಹುಡುಕಿದರು. ಹುಡುಕುವವರು ಹೇಗೆ ಹುಡುಕುತ್ತಿದ್ದರು ಗೊತ್ತೇ? ಸಿಗದಿರಲಪ್ಪಾ ಎಂದು ಬೇಡಿಕೊಳ್ಳುತ್ತ ಹುಡುಕುತ್ತಿದ್ದರು. ಹಾಗೆ ಹುಡುಕಿದರೆ ಏನು ಸಿಗುತ್ತದೆ?

ಸುದ್ದಿ ಬೀಗರಿಗೆ ಮುಟ್ಟಿ, ಮತ್ತೆ ಅವರ ಫೋನು ಬಂತು. “ಹಾವು ಸಿಕ್ಕಿತೇನ್ರಿ?”

“ಸಿಗತೈತ್ರಿ. ಎಲ್ಲಿ ಹೋದೀತು? ಮನ್ಯಾಗನ ಐತಿ.”

“ಮನ್ಯಾಗ ಐತಿ ಅನ್ನೂದ ನಮ್ಮ ಚಿಂತಿ, ಬೀಗರ.”

ಮಗಳು ಫೋನು ತೆಗೆದುಕೊಂಡಳು. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಅಪ್ಪಾ, ಅಕಿ ಈಗ ಅಂಬೆಗಾಲ ಇಡಾಕ ಹತ್ಯಾಳ. ಕಣ್ಣಿಗೆ ಬಿದ್ದದ್ದೆಲ್ಲಾ ಕೈಯಾಗ ಹಿಡಿತಾಳ. ನಾ ಹೆಂಗ ಬರ್ಲಿ, ನೀನ ಹೇಳು.”

ಹೆಂಡತಿ ಕೈಚೀಲ ತುಂಬತೊಡಗಿದಳು.

“ಎಲ್ಲಿಗೆ ಹೊಂಟಿ?”

“ನನಗೂ ಒಂದ ತವರ ಐತ್ರಿ. ನಮ್ಮಣ್ಣ ಹೂಂ ಅಂದಾನ. ಮಗಳನ್ನೂ ಅಲ್ಲಿಗೇ ಕರಸ್ತೇನಿ. ನೀವು ನಿಮ್ಮ ಫಾರಿನ್ ನಾಗಪ್ಪನ ಕೂಡ ಹಬ್ಬಾ ಮಾಡ್ರಿ.”

“ನಾನೂ ಬರ್ತೇನವಾ,” ಎಂದು ತಾಯಿ ಹೊರಟು ನಿಂತಳು. ಅತ್ತೆ ಸೊಸೆಯ ತವರಿಗೆ ಹೊರಡುತ್ತಾಳೆ ಅಂದರೆ ಮನೆಯ ಗತಿ ಏನಾಗಿರಬೇಕು, ಯೋಚಿಸಿ!

ಪಂಚಮಿಯ ದಿನ ಸಾಹುಕಾರ ಒಬ್ಬನೇ ಹಾಲಿನ ತಂಬಿಗೆ ಹಿಡಿದು ನಾಗರ ಕಟ್ಟೆಗೆ ಹೋದ. ಅಲ್ಲಿದ್ದ ಹೆಣ್ಣುಮಕ್ಕಳು ಬಿಡುತ್ತಾರೆಯೇ? “ಏನ್ರಿ ಸಾವ್ಕಾರ್ರ, ಮನ್ಯಾಗ ಜೀವಂತ ನಾಗಪ್ಪನ್ನ ಇಟಗೊಂಡು ಕಲ್ಲಿನವನ ಕಡೆ ಯಾಕ ಬಂದ್ರಿ?” “ಮನ್ಯಾಗಿನಂವಾ ಎಲ್ಲಿ ಅದಾನಂತ ಕೇಳಾಕ ಬಂದಾರ ಬಿಡ!” ಅವನು ತಲೆ ತಗ್ಗಿಸಿ ಹಾಲೆರೆದ. ಎರೆಯುವಾಗ ಮನೆಯವರ ಪಾಲು ಹೇಳಬೇಕಲ್ಲ? ಅವ್ವನ ಪಾಲು ಅಂದ, ಹೆಂಡತಿಯ ಪಾಲು ಅಂದ, ಮಗಳ ಪಾಲು ಅಂದ. ಮೊಮ್ಮಗಳ ಪಾಲು ಅಂದು ತಂಬಿಗೆಯಲ್ಲಿ ಉಳಿದದ್ದನ್ನೆಲ್ಲ ಸುರಿದುಬಿಟ್ಟ. ಪಾಲು ಹೇಳಿಸಿಕೊಳ್ಳಬೇಕಾದ ಯಾರೂ ಪಕ್ಕದಲ್ಲಿರಲಿಲ್ಲ.

ಮನೆಗೆ ಬಂದರೆ ಬೇವಿನ ಮರದ ಜೋಕಾಲಿಯ ಮೇಲೆ ಕಾಗೆ ಕೂತಿತ್ತು. ಫೋನಿನಲ್ಲಿ ವಿಡಿಯೊ ಬಂದಿತ್ತು. ಬೇರೆಯವರ ಅಂಗಳ, ಬೇರೆಯವರ ಜೋಕಾಲಿ. ಮಗಳ ತೊಡೆಯ ಮೇಲೆ ಮೊಮ್ಮಗಳು. ಜೀಕಿಸುತ್ತಿದ್ದವನು ಹೆಂಡತಿಯ ಅಣ್ಣ. ಕೂಸು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿತ್ತು. ಸಾಹುಕಾರ ಅದನ್ನು ಮತ್ತೆ ಮತ್ತೆ ನೋಡಿದ.

ಸಂಜೆ ಮಳೆ ಹಿಡಿಯಿತು. ಚಳಿಗೆ ಹೊದೆಯಲು ಅಟ್ಟಣಿಗೆಯಿಂದ ಒಂದು ಕೌದಿ ಎಳೆದ. ಕೌದಿ ಬರಲಿಲ್ಲ. ಜೋರಾಗಿ ಎಳೆದ. ಕೌದಿಯ ಜೊತೆ ಹಾವೂ ಬಂತು. ಬೆಚ್ಚಗಿನ ಮಡಿಕೆಯೊಳಗೆ ಸುತ್ತಿಕೊಂಡು ಮಲಗಿತ್ತು ಪಾಪ. ಸಾಹುಕಾರ ಕೂಗಿದ ಕೂಗಿಗೆ ಎದುರು ಮನೆಯ ಹಕ್ಕಿ ಕೂಡ ಶರಣು ಹೇಳುವುದನ್ನು ಮರೆಯಿತಂತೆ.

ಸಾಹುಕಾರನೇ ಫೋನು ಮಾಡಿದ, ಮರುದಿನ ಅರಣ್ಯ ಇಲಾಖೆಯವರು ಬಂದರು. ಬೈದರು, ಬರೆದುಕೊಂಡರು, ಹಾವನ್ನು ಚೀಲಕ್ಕೆ ಹಾಕಿದರು. ಸುದ್ದಿ ಕೇಳಿ ಹೆಂಡತಿಯೂ ಬಂದಿದ್ದಳು. ಅವಳಿಗೆ ಈಗ ಹೆದರಿಕೆ ಹೋಗಿ ಮರುಕ ಬಂದಿತ್ತು. “ಇದನ್ನ ಯಾವ ಅಡವಿಗೆ ಬಿಡ್ತೀರಿ ಅಣ್ಣಾ?” ಎಂದು ಕೇಳಿದಳು.

“ಬಿಡಾಕ ಬರಂಗಿಲ್ಲರಿ ಅಕ್ಕಾರ. ಇದು ನಮ್ಮ ಅಡವಿದಲ್ಲ. ಬಿಟ್ರ ಇದು ಸಾಯಬೇಕು, ಇಲ್ಲಾ ನಮ್ಮ ಅಡವಿಯೊಳಗಿನ ಜೀವ ಸಾಯಬೇಕು. ಇನ್ನ ಎಲ್ಲ್ಯರ ಮೃಗಾಲಯದಾಗ, ಪೆಟಗ್ಯಾಗ ಇರೂದ.”

“ಹಂಗಾರ ಇದಕ್ಕ ತವರಿಗೆ ಹೋಗೂ ದಾರೀನ ಇಲ್ಲೇನ್ರಿ?”

ಸಾಹುಕಾರ ಹೋಗಿ ಖಾಲಿ ಪೆಟ್ಟಿಗೆಯ ಬಲ್ಬು ಆರಿಸಿದ.

ಈಗ ನಿಮ್ಮ ಕಡೆ ಬರೋಣ. ನಮ್ಮ ಮನೆಯಲ್ಲಿ ಹಾವಿಲ್ಲ ಎಂದು ನೆಮ್ಮದಿಯಿಂದ ಕೂತಿದ್ದೀರಿ. ಗಿಳಿ ಇದೆಯಲ್ಲ? ರೆಕ್ಕೆ ಕತ್ತರಿಸಿ, ಪಂಜರಕ್ಕೆ ಹಾಕಿ, ಮೆಣಸಿನಕಾಯಿ ಕೊಟ್ಟು, ನಮ್ಮ ಮಗಳಿದ್ದಂತೆ ಅನ್ನುತ್ತೀರಿ. ಮಗಳ ಕಾಲು ಕಟ್ಟುತ್ತೀರಾ? ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ನೀರಿನ ಬೋಗುಣಿಯಲ್ಲಿ ನಕ್ಷತ್ರ ಆಮೆ ಇಟ್ಟವರಿದ್ದೀರಿ, ಲಕ್ಷ್ಮಿ ಬರಲಿ ಎಂದು. ಅದು ಒಣನೆಲದಲ್ಲಿ ಹುಲ್ಲು ತಿನ್ನುವ ಜೀವ! ಅದನ್ನು ನೀರಲ್ಲಿ ಮುಳುಗಿಸಿಟ್ಟರೆ ಯಾವ ಲಕ್ಷ್ಮಿ ಬರುತ್ತಾಳೆ? ಹಿಂದೆ ಕೂತು ನಗುವವರೇ, ಮಂಗನ ಮರಿಯ ಸೊಂಟಕ್ಕೆ ಹಗ್ಗ ಕಟ್ಟಿದ್ದು ನಿಮ್ಮ ಓಣಿಯಲ್ಲೇ.

ಮಾಡಬೇಕಾದ್ದು ಕಷ್ಟದ್ದಲ್ಲ. ನಾಳೆ ಬೆಳಿಗ್ಗೆ ಅರಣ್ಯ ಇಲಾಖೆಗೆ ಫೋನು ಮಾಡಿ, ಹೀಗೊಂದು ತಪ್ಪಾಗಿದೆ, ಬಂದು ಒಯ್ಯಿರಿ ಅನ್ನಿ. ಆವೇಶದಲ್ಲಿ ನೀವೇ ಪಂಜರ ತೆರೆದು ಹಾರಿಸಿಬಿಡಬೇಡಿ. ಹಾರುವುದನ್ನು ಮರೆತ ಗಿಳಿ ಮೊದಲ ಬೆಕ್ಕಿಗೆ ಊಟವಾಗುತ್ತದೆ. ಹೊಸದನ್ನಂತೂ ಕೊಳ್ಳಲೇಬೇಡಿ. ಕೊರಳಿಗೆ ಹಾವು ಹಾಕಿಕೊಂಡವನ ಫೋಟೊ ಬಂದರೆ ಭಲೇ ಅನ್ನಬೇಡಿ. ನಿಮ್ಮ ಭಲೇ ಕೇಳಲೆಂದೇ ಅವನು ಇನ್ನೊಂದು ತರುತ್ತಾನೆ. ಪ್ರೀತಿ ಉಕ್ಕಿ ಬಂದರೆ ಮಾಳಿಗೆಯ ಮೇಲೆ ಒಂದು ಮಡಕೆ ನೀರಿಡಿ. ಬರುವವು ಬರುತ್ತವೆ, ಕುಡಿಯುತ್ತವೆ, ಹೋಗುತ್ತವೆ. ಹೋಗುವುದಕ್ಕೆ ಬಿಡುವುದೂ ಪ್ರೀತಿಯೇ ಅಲ್ಲವೇ?

ಸಾಹುಕಾರನ ಮೊಮ್ಮಗಳು ಮುಂದಿನ ವರ್ಷ ಬಂದಳು, ಅವನ ಕೈಯಿಂದಲೇ ಜೀಕಿದಳು. ಆದರೆ ಅದು ಅವಳ ಎರಡನೆಯ ಪಂಚಮಿ. ಮೊದಲನೆಯದು ಅವನಿಗೆ ತಪ್ಪಿಹೋಯಿತು. ಹಾವು ಈಗಲೂ ಎಲ್ಲೋ ಗಾಜಿನ ಹಿಂದೆ ಇದೆ. ಅವನು ಕಳೆದುಕೊಂಡದ್ದು ಒಂದು ಹಬ್ಬ, ಅದು ಕಳೆದುಕೊಂಡದ್ದು ಇಡೀ ಆಯುಷ್ಯ.