ಚೀಲದ ಮಿಸ್ಸು, ಬರ್ಕೊಳ್ಳಿ ಮಿಸ್ಸು

ಅಯ್ಯೋ, ಮುಖ ಹೀಗೆ ಗಂಟು ಹಾಕ್ಕೊಂಡ್ರೆ ನಾನು ಪಾಠ ಮಾಡೋದು ಹೇಗೆ? ಐದನೇ ಕ್ಲಾಸಿನ ಹುಡುಗಿ ಥರ ಕೂತ್ಕೋ ಕಣೇ. ಕೈ ಕಟ್ಟು. ಹಾಂ... ಬೇಡ ಬಿಡು, ನೋಡಿದ್ರೆ ಅಳು ಬರುತ್ತೆ.

ನನಗೇನು ಖುಷೀನಾ? ನಾನು ಕೇಳಿದ್ನಾ ಈ ಪಾಠ? ಶುಕ್ರವಾರ ನಿನ್ನ ಪರೀಕ್ಷಾ ಪಾಠ ಹಾಳಾಯ್ತು, ನಮ್ಮ ಟ್ರೈನಿಂಗ್ ಕಾಲೇಜಿನ ಗೈಡ್ ಮೇಡಂ ಅದೇ ಪಾಠ, ಅದೇ ಆರು ಪದ ನನ್ನ ತಲೆಗೆ ಕಟ್ಟಿದ್ರು. 'ಸೋಮವಾರ ಬಿ ಸೆಕ್ಷನ್‌ಗೆ ನೀನು ಮಾಡು' ಅಂತ. ನಮ್ಮಿಬ್ಬರಿಗೂ ಇರೋದು ಒಂದೇ ರೂಮು. ನಿನ್ನ ಮುಂದೆ ಅಭ್ಯಾಸ ಮಾಡದೆ ಗೋಡೆ ಮುಂದೆ ಮಾಡ್ಲಾ?

ಯಾಕೆ ನಗ್ತೀಯ? ಈ ಚಾರ್ಟ್ ನೋಡಿ ತಾನೆ? ಗೊತ್ತು, ಜಿಪುಣನ್ನ ಬರೆಯೋಕೆ ಹೋದೆ, ಕಳ್ಳನ ಥರ ಆಗಿದಾನೆ. ನಿನಗೇನಮ್ಮ! ಆ ಬಟ್ಟೆ ಚೀಲದೊಳಗೆ ಕೈ ಹಾಕಿದ್ರೆ ಸಾಕು, ನಲವತ್ತು ಮಕ್ಕಳು ಬೆಂಚಿಂದ ಎದ್ದು ನಿಲ್ತವೆ. 'ಚೀಲದ ಮಿಸ್ಸು ಬಂದ್ರು, ಚೀಲದ ಮಿಸ್ಸು ಬಂದ್ರು!' ನನ್ನನ್ನ ಏನಂತವೆ ಗೊತ್ತಾ? ಗೊತ್ತಿಲ್ಲದ ಹಾಗೆ ಆಡಬೇಡ. 'ಬರ್ಕೊಳ್ಳಿ ಮಿಸ್ಸು.' ಎರಡು ತಿಂಗಳು ಗಂಟಲು ಹರ್ಕೊಂಡಿದ್ದಕ್ಕೆ ಸಿಕ್ಕಿದ ಬಿರುದು! ನನ್ನ ಪಾಠಕ್ಕೆ ಮೇಡಂ ಏನು ಬರೆದ್ರು? 'ಪರವಾಗಿಲ್ಲ.' ನಿನಗೆ ಮುಕ್ಕಾಲು ಪುಟ. ಹೌದು, ಓದಿದೀನಿ. ಮೂರು ಸಲ ಓದಿದೀನಿ. ಹೊಟ್ಟೆ ಉರಿಯಲ್ವಾ ಮನುಷ್ಯರಿಗೆ? ಉರಿಯುತ್ತೆ ಕಣೇ. ನಿನ್ನ ಹತ್ರ ಏನು ಮುಚ್ಚುಮರೆ.

ಆದ್ರೂ ಶುಕ್ರವಾರ ಆಗಿದ್ದು ಅನ್ಯಾಯ. ನೀನು ಚೀಲದ ಬಾಯಿ ಬಿಚ್ಚೋಕೆ ಮುಂಚೇನೇ ಮಕ್ಕಳು ಆರೂ ಪದದ ಅರ್ಥ ಕೂಗಿಬಿಟ್ವಂತೆ! ಅರ್ಥ ನಾವು ಹೇಳಬಾರದು, ಪಾಠ ನಡೀತಾ ನಡೀತಾ ಮಕ್ಕಳ ಬಾಯಿಂದ ಬರಬೇಕು, ಮಾರ್ಕು ಇರೋದೇ ಅದಕ್ಕೆ. ಮೊದಲೇ ಗಿಣಿಪಾಠ ಮಾಡಿಸಿ ಕೂರಿಸಿದೀಯ ಅಂದ್ಬಿಟ್ರು ಮೇಡಂ. ನಾಳೆ ಹತ್ತು ಗಂಟೆಗೆ ಪ್ರಿನ್ಸಿಪಾಲರ ಮುಂದೆ ನಿಲ್ಲಬೇಕು ನೀನು. ಮೋಸ ಅಂತ ಬರೆದ್ರೆ ಒಂದು ವರ್ಷ ಹೋಯ್ತು. ನಾನು ಅಲ್ಲಿದ್ದಿದ್ರೆ ನಿನ್ನ ಪರ ಮಾತಾಡ್ತಿದ್ದೆ! ಏನ್ಮಾಡ್ಲಿ, ಅವತ್ತೇ ಹೊಟ್ಟೆನೋವು, ಈ ಮಂಚ ಬಿಟ್ಟು ಏಳಲಿಲ್ಲ. ನೀನೇ ತಾನೆ ಬಿಸಿನೀರು ಕಾಯಿಸಿಕೊಟ್ಟು ಹೋಗಿದ್ದು.

ನನ್ನ ಮಾತು ಕೇಳು, 'ತಪ್ಪಾಯ್ತು' ಅಂದ್ಬಿಡು. ಮಾಡದೇ ಇದ್ರೂ ಅನ್ನು. ದೊಡ್ಡವರು, ಕರಗ್ತಾರೆ. ಯಾಕೆ ಹಾಗೆ ನೋಡ್ತೀಯ? ಸರಿ, ಅನ್ನಬೇಡ. ನಿನ್ನಿಷ್ಟ.

ಪಾಠಕ್ಕೆ ಬರೋಣ. ಮೊದಲ ಪದ, ಸಂಕೋಚ. ಇದಕ್ಕೆ ಚಾರ್ಟ್ ಬೇಡ, ಅಭಿನಯ ಮಾಡ್ತೀನಿ. 'ಮಕ್ಕಳೇ, ನಮ್ಮ ದೊಡ್ಡಮ್ಮ ನೆಂಟರ ಮನೆಗೆ ಹೋದ್ರು. ಹೊಟ್ಟೆ ಚುರುಚುರು ಅಂತಿದೆ. ಬಡಿಸೋಕೆ ಬಂದ ತಕ್ಷಣ, ಅಯ್ಯೋ ಸಾಕು ಸಾಕು, ಅಂತ ತಟ್ಟೆ ಮೇಲೆ ಹೀಗೆ ಕೈ ಅಡ್ಡ ಹಿಡಿದ್ರು. ಆದ್ರೆ ಬೆರಳು ನೋಡಿ, ಬೆರಳು! ಎಷ್ಟು ಅಗಲ! ಬಡಿಸಿದ್ದೆಲ್ಲಾ ಸಂದಿಯಿಂದ ತಟ್ಟೆಗೇ...'

ಹೇಗಿದೆ? ನಗು ಬರುತ್ತೆ ತಾನೆ? ...ಯಾಕೆ ಎದ್ದೆ?

ಏನದು, ನೀನೂ ಕೈ ಹಾಗೇ ಹಿಡಿದು ತೋರಿಸ್ತಿದ್ದೀಯ... ಮಕ್ಕಳಾ? ಶುಕ್ರವಾರ ಮಕ್ಕಳು ಹೀಗೇ ಮಾಡಿದ್ವಾ? ಎಲ್ಲಾ ಮಕ್ಕಳೂ?

ಮಾಡಿರಬಹುದು. ಎಲ್ಲರ ಮನೇಲೂ ಇಂಥ ಒಬ್ಬ ದೊಡ್ಡಮ್ಮ ಇರ್ತಾರೆ. ಯಾವುದೋ ಪುಸ್ತಕದಲ್ಲಿ ಇದ್ದಿರಬಹುದು... ನೀನೇ ಎಂದೋ ಹೇಳಿಕೊಟ್ಟು ಮರೆತಿರ್ತೀಯ... ಬಾಯಿಗೆ ಬಂದ ಹಾಗೆ ಬೈದ್ಬಿಡು. ಆ ಕೈ ಮಾತ್ರ ಇಳಿಸು, ನನ್ನ ಕೈಲಿ ನೋಡೋಕೆ ಆಗಲ್ಲ.

ಗುರುವಾರ. ಆಟದ ಮೇಷ್ಟ್ರು ರಜ. ಕೊನೇ ಪೀರಿಯಡ್ ನನ್ನನ್ನ ನಿನ್ನ ಕ್ಲಾಸಿಗೆ ಕಳಿಸಿದ್ರು. ನಿನ್ನ ಪಾಠ ಯೋಜನೆ ಪುಸ್ತಕ ಹಿಂದಿನ ದಿನಾನೇ ನೋಡಿದ್ದೆ. ನಿನ್ನ ಪಾಠ ಕೆಡಲಿ ಅಂತಲೇ ಆ ಆರು ಪದ ಹೇಳಿಕೊಡೋಕೆ ಶುರು ಮಾಡಿದ್ದು, ಇನ್ನು ಸುಳ್ಳು ಹೇಳಲ್ಲ. ಆದ್ರೆ ಮಧ್ಯದಲ್ಲಿ ಅದು ಮರೆತೇಹೋಯ್ತು ಕಣೇ! ಪದ ಮಾತ್ರ ನಿಂದು, ದೊಡ್ಡಮ್ಮ ನನ್ನವಳು. ಚೀಲ ಇಲ್ಲ, ಚಾರ್ಟ್ ಇಲ್ಲ. ಬರ್ಕೊಳ್ಳಿ ಅಂತ ಒಂದು ಸಲಾನೂ ಅನ್ನಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ವು. ಗಂಟೆ ಹೊಡೆದ್ರೂ ಏಳಲಿಲ್ಲ. ನಿನ್ನನ್ನ ನೋಡೋ ಹಾಗೆ ನನ್ನನ್ನ ನೋಡಿದ್ವು. 'ಯಾರಿಗೂ ಹೇಳಬೇಡಿ' ಅಂದಿದ್ದೆ. ಮೇಡಂ ಅಷ್ಟು ಗದರಿಸಿದ್ರೂ ಒಂದೂ ಬಾಯಿ ಬಿಡಲಿಲ್ಲವಂತಲ್ಲ... ನನಗೋಸ್ಕರ! ನನ್ನ ಜೀವನದಲ್ಲಿ ಮಾಡಿದ ಒಂದೇ ಒಂದು ಒಳ್ಳೇ ಪಾಠ, ಅದನ್ನ ನೋಡೋಕೆ ಯಾರೂ ಇರಲಿಲ್ಲ.

ನಾಳೆ ನಾನೂ ಬರ್ತೀನಿ. ಹತ್ತು ಗಂಟೆಗೆ. ಹೇಳ್ತೀನಿ. ಹೇಳಬೇಕು ಅಂತ... ಚಪ್ಪಲಿ ಯಾಕೆ ಹಾಕ್ಕೋತಿದ್ದೀಯ? ಈಗಲೇ ಹೋಗ್ತೀಯಾ ಮೇಡಂ ಮನೆಗೆ? ಹೋಗು. ನಾನು ತಡೆಯಲ್ಲ. ಆದ್ರೆ ಒಂದೇ ಒಂದು ಮಾತು ಹೇಳಿ ಹೋಗು, ನಿನ್ನ ಕಾಲಿಗೆ ಬೀಳ್ತೀನಿ. ಉಳಿದ ಐದು ಪದ... ಅವನ್ನೂ ನಾನು ಮಾಡಿ ತೋರಿಸಿದ ಹಾಗೇ ಮಾಡಿದ್ವಾ ಮಕ್ಕಳು? ಎಲ್ಲಾ ನೆನಪಿಟ್ಟುಕೊಂಡಿದ್ವಾ?